ಕೆರೆಯ ದಡವೂ ಕಲ್ಲುಹಾಸಿನ ಮೋಹವೂ

ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ಪಟ್ಟಣಗಳಲ್ಲೆಲ್ಲ ಒಂದು ಹೊಸ ಉತ್ಸಾಹವು ತಲೆದೋರಿರುವುದು. ಊರ ಮಗ್ಗುಲಿನ ಕೆರೆಯ ದಡವನ್ನು ಉದ್ಯಾನವನ್ನಾಗಿ ಮಾಡಬೇಕು, ವೃದ್ಧರೂ ಮಕ್ಕಳೂ ಸಂಜೆಯ ಹೊತ್ತು ಅಲ್ಲಿ ತಂಗಾಳಿಯನ್ನು ಸೇವಿಸಬೇಕು, ಕೇರಿಕೇರಿಯ ಜನರು ಒಬ್ಬರನ್ನೊಬ್ಬರು ಕಂಡು ಮಾತನಾಡಬೇಕು ಎಂಬುದೇ ಆ ಉತ್ಸಾಹವು. ಉದ್ದೇಶವು ಶ್ಲಾಘ್ಯವಾದುದು, ಅದನ್ನು ಆಕ್ಷೇಪಿಸುವವರು ಯಾರೂ ಇರಲಾರರು. ಆದರೆ ಅದನ್ನು ನೆರವೇರಿಸಲು ಹಿಡಿದಿರುವ ಮಾರ್ಗವು ಯಾವುದು? ಕೆರೆಯ ಸುತ್ತಲೂ ಕಲ್ಲಿನ ಗೋಡೆ. ಗೋಡೆಯ ಮೇಲೆ ಸಿಮೆಂಟಿನ ಹಾಸು. ಹಾಸಿನ ಮಗ್ಗುಲಲ್ಲಿ ಕಬ್ಬಿಣದ ಬೇಲಿ. ಬೇಲಿಗೊಂದು ಬಾಗಿಲು, ಬಾಗಿಲಿಗೊಂದು ಬೀಗ. ಒಳಗೆ ಬಣ್ಣದ ದೀಪ, ಕಾರಂಜಿ, ದೋಣಿವಿಹಾರ. ಇಷ್ಟಾದರೆ ಕೆರೆಯು ಉದ್ಧಾರವಾಯಿತೆಂದು ಒಂದು ಶಿಲಾಫಲಕವನ್ನು ನಿಲ್ಲಿಸಿ ಬರುವರು. ಈ ಮಾರ್ಗವು ಕೆರೆಯನ್ನು ಕೆಡಿಸುವುದು, ಉದ್ಯಾನವನ್ನೂ ಕೆಡಿಸುವುದು, ಕಡೆಗೆ ಊರನ್ನೇ ನೀರಿನಲ್ಲಿ ನಿಲ್ಲಿಸುವುದು ಎಂಬುದೇ ಈ ಲೇಖನದ ಪ್ರತಿಜ್ಞೆಯು. ಇದನ್ನು ಪೂರ್ವಪಕ್ಷಸಹಿತವಾಗಿ ಸಾಧಿಸಲು ಪ್ರಯತ್ನಿಸುವೆನು.

ಲಕ್ಷಣವನ್ನು ತಿಳಿಯದೆ ಲಕ್ಷ್ಯವನ್ನು ತಿದ್ದಹೊರಟರೆ ಅನರ್ಥವು ತಪ್ಪದು. ಆದಕಾರಣ ಕೆರೆಯೆಂದರೇನೆಂಬುದನ್ನು ಮೊದಲು ನೋಡೋಣ. ನಮ್ಮ ನಾಡಿನ ಕೆರೆಗೆ ಏರಿಯು ಒಂದೇ ಕಡೆ ಇರುವುದು. ಇಳಿಜಾರಿನ ತಗ್ಗಿನಲ್ಲಿ ಮಣ್ಣಿನ ಏರಿಯನ್ನು ಕಟ್ಟಿ, ಅದರಲ್ಲಿ ತೂಬನ್ನೂ ಅದರ ಒಂದು ತುದಿಯಲ್ಲಿ ಕೋಡಿಯನ್ನೂ ಇಟ್ಟು, ಮಿಕ್ಕ ಪಾರ್ಶ್ವಗಳನ್ನು ಬಯಲಾಗಿಯೇ ಬಿಟ್ಟಿರುವರು. ಆ ತೆರೆದ ಪಾರ್ಶ್ವದಿಂದಲೇ ಮಳೆಯ ನೀರು ಕಾಲುವೆಗಳ ಮೂಲಕವಾಗಿಯೂ, ನೆಲದ ಮೇಲೆ ತೆಳ್ಳಗೆ ಹರಡಿಕೊಂಡೂ ಒಳಕ್ಕೆ ಬರುವುದು. ಕಾರ್ತಿಕದಲ್ಲಿ ನೀರಿನ ಅಂಚು ಒಂದು ಕಡೆ ಇದ್ದರೆ ವೈಶಾಖದಲ್ಲಿ ಮತ್ತೊಂದು ಕಡೆ ಇರುವುದು. ಈ ಎರಡು ಅಂಚುಗಳ ನಡುವಣ ನೆಲಕ್ಕೆ ನಮ್ಮ ಜನರು ಕೆರೆಯಂಗಳವೆಂದು ಎಷ್ಟು ಅಂದವಾದ ಹೆಸರನ್ನಿಟ್ಟಿರುವರು!

ಸಂಸ್ಕೃತ ಕೋಶಕಾರರೂ ಈ ನೆಲವನ್ನು ಮರೆತಿಲ್ಲ. ಅಮರಸಿಂಹನು ನೀರು ತುಂಬಿದ ನೆಲಕ್ಕೆ ಅನೂಪವೆಂದೂ ಕಚ್ಛವೆಂದೂ ಹೆಸರುಗಳನ್ನು ಹೇಳಿ, ತಡಾಗಕ್ಕೆ ಪದ್ಮಾಕರವೆಂಬ ಪರ್ಯಾಯವನ್ನು ಕೊಟ್ಟಿರುವನು. ಪದ್ಮವು ಬೇರೂರುವುದು ಮೊಳಕಾಲುದ್ದದ ನೀರಿನ ಕೆಸರಿನಲ್ಲಿ. ಕಡಿದಾದ ಕಲ್ಲುಗೋಡೆಯ ಬುಡದಲ್ಲಿ ಅದಕ್ಕೆ ನೆಲೆಯಿಲ್ಲ. ಜಲವೆಂಬುದೊಂದು, ಸ್ಥಲವೆಂಬುದೊಂದು, ಅವೆರಡರ ನಡುವೆ ಅನೂಪವೆಂಬುದೊಂದು ಎಂದು ನಮ್ಮ ಹಿರಿಯರು ಮೂರನ್ನು ಎಣಿಸಿದ್ದರು. ಈಗಿನ ನಕ್ಷೆಗಾರರು ಎರಡನ್ನೇ ಎಣಿಸುವರು. ಮೂರನೆಯದು ಅವರ ಕಣ್ಣಿಗೆ ಕೊಚ್ಚೆಯಾಗಿ ತೋರುವುದು. ಅದನ್ನು ಗೋಡೆ ಕಟ್ಟಿ ಅಳಿಸುವರು. ಎಲ್ಲ ಕೇಡಿಗೂ ಮೂಲವು ಇದೇ.

ಆ ಅಂಗಳವು ಯಾರದಾಗಿದ್ದಿತು? ನೀರು ಹಿಂದೆಗೆದಂತೆ ಅಲ್ಲಿ ಹಸುರು ಹುಲ್ಲು ಬೆಳೆಯುತ್ತಿದ್ದಿತು. ದನಗಾಹಿಯು ದನಗಳನ್ನು ಮೇಯಿಸುತ್ತಿದ್ದನು. ಜೊಂಡನ್ನು ಕೊಯ್ದು ಚಾಪೆ ಹೆಣೆಯುವವರಿದ್ದರು. ಕುಂಬಾರನು ಮಣ್ಣನ್ನೂ ರೈತನು ಹೂಳನ್ನೂ ಒಯ್ಯುತ್ತಿದ್ದರು. ಹೂಳನ್ನು ಒಯ್ದಷ್ಟೂ ಕೆರೆಯು ಆಳವಾಗುತ್ತಿದ್ದಿತು, ಹೊಲವು ಕೊಬ್ಬುತ್ತಿದ್ದಿತು. ಅಗಸರ ಕಲ್ಲುಗಳೂ ಬೆಸ್ತರ ಬಲೆಗಳೂ ಹುಡುಗರ ಆಟಗಳೂ ಅಲ್ಲಿಯೇ. ತೂಬನ್ನು ಎತ್ತಿ ಇಳಿಸಲು ನೀರಗಂಟಿಯಿದ್ದನು. ಕೆರೆಯನ್ನು ಸುಸ್ಥಿತಿಯಲ್ಲಿಡುವುದಕ್ಕಾಗಿ ಬಿಟ್ಟ ಕಟ್ಟುಗೊಡಗಿಯ ಭೂಮಿಗಳನ್ನು ಎಷ್ಟೋ ಶಾಸನಗಳು ಹೇಳುವುವು. ಹೀಗೆ ಅಂಗಳವು ಮಳೆಗಾಲದಲ್ಲಿ ನೀರಿನದು, ಮಿಕ್ಕ ಕಾಲದಲ್ಲಿ ಜನರದು ಎಂದು ಸರದಿಯಿದ್ದಿತು. ಒಳ್ಳೆಯ ಉದ್ಯಾನಕ್ಕೆ ಇದಕ್ಕಿಂತ ಉತ್ತಮವಾದ ಸೂತ್ರವನ್ನು ನಾನು ಕಾಣೆನು. ಬಾವಿ, ಕೆರೆ, ದೇವಾಲಯ, ಅನ್ನದಾನಗಳೊಡನೆ ಆರಾಮವನ್ನೂ, ಅಂದರೆ ತೋಪನ್ನೂ, ಸ್ಮೃತಿಕಾರರು ಪೂರ್ತವೆಂಬ ಒಂದೇ ಪುಣ್ಯಕಾರ್ಯದಲ್ಲಿ ಸೇರಿಸಿರುವುದು ಸುಮ್ಮನೆ ಅಲ್ಲ. ಕೆರೆಯನ್ನು ಕೊಂದು ತೋಪನ್ನು ಬೆಳೆಸೆಂದು ಅವರು ಎಲ್ಲಿಯೂ ಹೇಳಿಲ್ಲ.

ಇನ್ನು ಉದಾಹರಣೆಗೆ ಬೆಂಗಳೂರನ್ನು ತೆಗೆದುಕೊಳ್ಳುವೆನು. ಏಕೆಂದರೆ ಮಿಕ್ಕ ಊರುಗಳು ಹತ್ತಿಪ್ಪತ್ತು ವರ್ಷಗಳು ತಡವಾಗಿ ಅದನ್ನೇ ಅನುಕರಿಸುವುವು. ಸಮುದ್ರಮಟ್ಟಕ್ಕೆ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲಿರುವ ಆ ಊರಿಗೆ ತುಂಬಿ ಹರಿಯುವ ಜೀವನದಿಯಿಲ್ಲ. ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳಲ್ಲಿ ಕೆರೆಗಳ ಸರಪಳಿಯನ್ನೇ ಹಿಂದಿನವರು ಕಟ್ಟಿದರು. ಮೇಲಣ ಕೆರೆಯ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಣ ಕೆರೆಗೆ ಹೋಗುವುದು. ಈ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚಿದುವು. ಧರ್ಮಾಂಬುಧಿ ಕೆರೆಯು ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿ ಕೆರೆಯು ಕಂಠೀರವ ಕ್ರೀಡಾಂಗಣವಾಯಿತು. ಕರಗದ ವಿಧಿಗಳಿಗಾಗಿ ಒಂದು ಸಣ್ಣ ಕೊಳವು ಮಾತ್ರ ಉಳಿದಿರುವುದು. 1997ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕೋರಮಂಗಲದ ಕೆರೆಯ ಮೇಲೆ ವಸತಿಗಳೆದ್ದುವು. ಬೆಳ್ಳಂದೂರಿನ ದೊಡ್ಡ ಕೆರೆಯು 2015ರಲ್ಲಿ ನೊರೆಯನ್ನು ಬೀದಿಗೆ ಚೆಲ್ಲಿತು. 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಅಲ್ಲಿ ಬೆಂಕಿಯೆದ್ದಿತು. ನೀರಿನಲ್ಲಿ ಬೆಂಕಿಯಿರುವುದೆಂದರೆ ವಡವಾನಲವನ್ನು ಪುರಾಣದಲ್ಲಿ ಮಾತ್ರ ಕೇಳಿದ್ದೆವು. ಕೊಳಚೆಯ ಪ್ರಭಾವದಿಂದ ಅದು ಪ್ರತ್ಯಕ್ಷವಾಯಿತು.

ಇಷ್ಟು ಕೊಂಡಿಗಳು ಹೋದ ಮೇಲೆ ಉಳಿದ ಕೆರೆಗಳನ್ನು ಕಾಪಾಡಬೇಕೆಂಬ ವಿವೇಕವು ಹುಟ್ಟಿದುದೇನೋ ನಿಜ. ಆದರೆ ಕಾಪಾಡುವ ಹೆಸರಿನಲ್ಲಿ ನಡೆದುದೇನು? ಅನೇಕ ಕೆರೆಗಳಲ್ಲಿ ಹೂಳೆತ್ತುವ ಯಂತ್ರಗಳನ್ನು ಇಳಿಸಿ, ಎಲ್ಲ ಕಡೆಗೂ ಒಂದೇ ಸಮನಾಗಿ ತೋಡಿ, ಎತ್ತಿದ ಮಣ್ಣನ್ನೇ ಸುತ್ತಲೂ ಒಡ್ಡಾಗಿ ಹಾಕಿ, ಅದರ ಮೇಲೆ ನಡೆಯುವ ಹಾದಿಯನ್ನು ಮಾಡಿದರು. ಒಂದು ಕಡೆಯ ಏರಿಯು ಸುತ್ತೇರಿಯಾಯಿತು; ಕೆರೆಯು ಬಟ್ಟಲಾಯಿತು. ಇದರಿಂದ ಬಯಲಿನ ಮೇಲೆ ಹರಡಿ ಬರುತ್ತಿದ್ದ ಮಳೆಯ ನೀರು ಒಡ್ಡಿನ ಹೊರಗೇ ನಿಲ್ಲುವುದು. ಒಳಗೆ ಹೋಗಬೇಕಾಗಿದ್ದ ನೀರು ಹೊರಗಿನ ಮನೆಗಳ ಹೊಸ್ತಿಲನ್ನು ದಾಟುವುದು. ಕೊಕ್ಕರೆ, ಉಲ್ಲಂಕಿ ಮೊದಲಾದ ನಿಂತು ಮೇಯುವ ಹಕ್ಕಿಗಳಿಗೆ ತೆಳುನೀರಿಲ್ಲದೆ ಹೋಗುವುದು. ಕೊಳಚೆಯನ್ನು ಸೋಸುತ್ತಿದ್ದ ಜೊಂಡು ಇಲ್ಲವಾಗುವುದು.

ಇದಕ್ಕಿಂತ ದೊಡ್ಡದಾದ ಇನ್ನೊಂದು ಪ್ರಮಾದವುಂಟು. ಅದನ್ನು ಬಹುಮಂದಿ ಗಮನಿಸಿಲ್ಲ. ಉದ್ಯಾನದ ಶೋಭೆಗೂ ದೋಣಿವಿಹಾರಕ್ಕೂ ಕೆರೆಯು ವರ್ಷವೆಲ್ಲ ಅಂಚಿನವರೆಗೂ ತುಂಬಿರಬೇಕೆಂದು ನಮ್ಮವರು ಅಪೇಕ್ಷಿಸುವರು. ಒಳಕ್ಕೆ ಸದಾ ಹರಿಯುವ ಕೊಳಚೆಯು ಅದನ್ನು ಹಾಗೆಯೇ ತುಂಬಿಟ್ಟಿರುವುದು. ತುಂಬಿದ ಕೊಡಕ್ಕೆ ನೀರನ್ನು ಹೊಯ್ದರೆ ಆಗುವುದೇನೆಂದು ಹೇಳಬೇಕಾದುದಿಲ್ಲ. ಇಲ್ಲಿ ಸ್ವಲ್ಪ ಅಂಕಗಣಿತವನ್ನು ಮಾಡೋಣ. 40 ಎಕರೆಯ ಕೆರೆಯೊಂದರಲ್ಲಿ ಮಳೆಗೆ ಮುಂಚೆ ನೀರನ್ನು ಒಂದು ಮೀಟರು ತಗ್ಗಿಸಿಟ್ಟರೆ ಸುಮಾರು 16 ಕೋಟಿ ಲೀಟರುಗಳಿಗೆ ಸ್ಥಳವಾಗುವುದು. ಒಂದು ಚದರ ಕಿಲೋಮೀಟರಿನ ಮೇಲೆ 130 ಮಿಲಿಮೀಟರು ಮಳೆ ಬಿದ್ದು ಒಂದು ಹನಿಯೂ ಇಂಗದೆ ಹರಿದರೂ ಆಗುವುದು 13 ಕೋಟಿ ಲೀಟರು. ಅಂದರೆ ಅಷ್ಟು ನೆಲದ ಭಾರೀ ಮಳೆಯನ್ನೆಲ್ಲ ಆ ಒಂದು ಕೆರೆಯು ನುಂಗಿ ಸುಮ್ಮನಿರಬಲ್ಲುದು. ಬರಿದಾಗಿ ಕಾದಿದ್ದರೆ ಮಾತ್ರ.

2022ರ ಸೆಪ್ಟೆಂಬರಿನ ಆರಂಭದಲ್ಲಿ ಬೆಂಗಳೂರಿನಲ್ಲಿ ಒಂದೇ ರಾತ್ರಿ ಹೆಚ್ಚುಕಡಮೆ 130 ಮಿಲಿಮೀಟರು ಮಳೆ ಬಿದ್ದಿತು. ಕೆರೆಗಳು ಮೊದಲೇ ತುಂಬಿದ್ದುವು. ಮಹದೇವಪುರ, ಬೆಳ್ಳಂದೂರು, ಹೊರವರ್ತುಲ ರಸ್ತೆಗಳ ಸುತ್ತಮುತ್ತ ನೀರು ನಿಂತು, ಭಾರೀ ಬೆಲೆಯ ಮನೆಗಳವರನ್ನು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರಕ್ಕೆ ತಂದರು. ತಗ್ಗಿನಲ್ಲಿದ್ದ ಕೂಲಿಯವರ ಗುಡಿಸಲುಗಳ ಪಾಡನ್ನು ಚಿತ್ರ ತೆಗೆದವರು ಕಡಮೆ. ಅದೇ ಊರಿನಲ್ಲಿ 2024ರ ಬೇಸಗೆಯಲ್ಲಿ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಬತ್ತಿದುವೆಂದು ಸರ್ಕಾರವೇ ಹೇಳಿತು. ಎರಡು ವರ್ಷಗಳೊಳಗೆ ಒಂದೇ ಊರು ನೀರಿನಲ್ಲಿ ಮುಳುಗಿದುದೂ ನೀರಿಗೆ ಬಾಯಾರಿದುದೂ ವಿಚಿತ್ರವಾಗಿ ತೋರಬಹುದು, ಕಾರಣವು ಒಂದೇ. ಬಿದ್ದ ನೀರು ನಿಲ್ಲುವುದಕ್ಕೂ ಇಂಗುವುದಕ್ಕೂ ನಾವು ಸ್ಥಳವನ್ನು ಬಿಟ್ಟಿಲ್ಲ. ಗಾಳಿಯು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಅದು ಹೊರಬಲ್ಲ ತೇವವು ಸುಮಾರು ನೂರಕ್ಕೆ ಏಳರಂತೆ ಹೆಚ್ಚುವುದೆಂದು ಭೌತವಿಜ್ಞಾನವು ಹೇಳುವುದು. ಲೋಕವು ಕಾಯುತ್ತಿರುವುದರಿಂದ ಸುರಿಯುವ ಮಳೆಯು ಇನ್ನು ಮುಂದೆ ಇನ್ನೂ ಬಿರುಸಾಗಿಯೇ ಸುರಿಯುವುದು. ಇಂಥ ಕಾಲದಲ್ಲಿ ಕೆರೆಯ ದಡಕ್ಕೆ ಕಲ್ಲುಹಾಸುವುದು, ಜ್ವರ ಬಂದವನಿಗೆ ಕಂಬಳಿ ಹೊದಿಸಿ ಉಸಿರು ಕಟ್ಟಿಸಿದಂತೆಯೇ ಸರಿ.

ಇನ್ನು ಪೂರ್ವಪಕ್ಷಗಳನ್ನು ನೋಡೋಣ.

"ಜೊಂಡೂ ಜೌಗೂ ಇದ್ದರೆ ಸೊಳ್ಳೆಗಳು ಹೆಚ್ಚುವುವಲ್ಲವೆ?" ಎಂಬುದು ಮೊದಲನೆಯದು. ನಮ್ಮ ಊರುಗಳನ್ನು ಹೆಚ್ಚಾಗಿ ಕಾಡುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಯು ಹುಟ್ಟುವುದು ನಿಂತ ಕೊಳಚೆಯಲ್ಲಿ. ಮೀನುಗಳೂ ಕೊಡತಿಹುಳುಗಳ ಮರಿಗಳೂ ಇರುವ ಜೀವಂತವಾದ ಜೌಗಿನಲ್ಲಿ ಸೊಳ್ಳೆಯ ಮರಿಯನ್ನು ತಿನ್ನುವವರು ಎಷ್ಟೋ ಮಂದಿ. ಸೊಳ್ಳೆಗೆ ಅಂಜುವವರು ಕೊಳಚೆಯನ್ನು ತಡೆಯಲಿ. ಕೆಸರನ್ನು ತುಳಿದು ತೊಳೆಯುವುದಕ್ಕಿಂತ ತುಳಿಯದಿರುವುದೇ ಲೇಸೆಂಬ ಪಂಕಪ್ರಕ್ಷಾಲನ ನ್ಯಾಯವು ಇಲ್ಲಿಗೆ ಅಕ್ಷರಶಃ ಒಪ್ಪುವುದು.

"ಬೇಲಿಯೂ ಬೀಗವೂ ಇಲ್ಲದಿದ್ದರೆ ರಕ್ಷಣೆಯೆಲ್ಲಿ?" ಎಂಬುದು ಎರಡನೆಯದು. ಆಳವಾದ ನೀರಿಗೆ ತಡೆಯು ಬೇಕೆಂಬುದನ್ನು ಒಪ್ಪುವೆನು. ಆದರೆ ಕಡಿದಾದ ಗೋಡೆಯನ್ನು ಕಟ್ಟಿ ದಡದಲ್ಲಿಯೇ ಆಳವನ್ನು ತಂದಿಟ್ಟವರು ಯಾರು? ಮೆಲ್ಲಮೆಲ್ಲನೆ ಇಳಿಯುವ ದಡದಲ್ಲಿ ಮಗುವು ಕಾಲು ಜಾರಿದರೆ ಮೊಳಕಾಲು ನೆನೆಯುವುದು. ಗೋಡೆಯಿಂದ ಬಿದ್ದರೆ ಪ್ರಾಣವು ಹೋಗುವುದು. ಬೀಗದ ವಿಷಯವೂ ಹೀಗೆಯೇ. ನಡುಹಗಲಿನಲ್ಲಿ ಬಾಗಿಲು ಮುಚ್ಚಿದರೆ ಆ ಹೊತ್ತಿನಲ್ಲಿ ಬಿಡುವಾಗುವ ಮನೆಗೆಲಸದ ಹೆಂಗಸರಿಗೂ, ಬಿಸಿಲಿನಲ್ಲಿ ದಣಿದ ಕೂಲಿಯವನಿಗೂ, ನೆರಳನ್ನು ಅರಸುವ ಮುದುಕರಿಗೂ ಉದ್ಯಾನವು ಇಲ್ಲವಾಯಿತು. ಬೆಳಗ್ಗೆ ಬೂಟು ತೊಟ್ಟು ಓಡುವವರಿಗೊಬ್ಬರಿಗೇ ಅದು ಉಳಿಯಿತು. ಜನರು ಓಡಾಡುವ ಸ್ಥಳಕ್ಕೆ ಜನರ ಕಣ್ಣೇ ಕಾವಲು. ನಿರ್ಜನವಾದ ಬೇಲಿಯೊಳಗೆ ಕಳ್ಳನಿಗೇ ಹೆಚ್ಚು ಸೌಕರ್ಯ.

"ಈಗ ಅಚ್ಚುಕಟ್ಟಿಲ್ಲ, ಗದ್ದೆಯಿಲ್ಲ, ಹಳೆಯ ಕೆರೆಯ ಧರ್ಮವನ್ನು ಹೊಸ ಊರಿನಲ್ಲಿ ಹೇಳುವುದು ವ್ಯರ್ಥ" ಎಂಬುದು ಮೂರನೆಯದು, ಇದು ಮೇಲ್ನೋಟಕ್ಕೆ ಬಲವಾದುದು. ಗದ್ದೆಯು ಹೋದುದು ನಿಜ. ಆದರೆ ಕೆರೆಯ ನೀರು ನೆಲಕ್ಕಿಳಿದು ಯಾರ ಬಾವಿಗೆ ಊಟೆಯಾಗುವುದೋ, ಕೆರೆಯು ನೆರೆಯನ್ನು ತಡೆದು ಯಾರ ಮನೆಯನ್ನು ಉಳಿಸುವುದೋ, ಅವರೆಲ್ಲರೂ ಇಂದಿನ ಅಚ್ಚುಕಟ್ಟಿನವರು. ಅಚ್ಚುಕಟ್ಟು ಕುಗ್ಗಿಲ್ಲ, ರಾಗಿ ಭತ್ತಗಳ ಬದಲು ಮನೆಗಳು ಬೆಳೆದಿರುವುವು, ಅಷ್ಟೆ.

"ಇದೆಲ್ಲ ಕಾವ್ಯಕ್ಕೆ ಚೆನ್ನು; ಎಲ್ಲಿಯಾದರೂ ನಡೆದಿರುವುದೆ?" ಎಂಬುದು ನಾಲ್ಕನೆಯದು. ನಡೆದಿರುವುದು. ಸಿಂಗಪುರದ ಬಿಷಾನ್–ಅಂಗ್ ಮೋ ಕಿಯೋ ಎಂಬ 62 ಹೆಕ್ಟೇರಿನ ಉದ್ಯಾನದ ಮಗ್ಗುಲಲ್ಲಿ ಕಲ್ಲಂಗ್ ನದಿಯನ್ನು 2.7 ಕಿಲೋಮೀಟರು ಉದ್ದದ ಕಾಂಕ್ರೀಟು ಕಾಲುವೆಯಲ್ಲಿ ಬಂಧಿಸಿದ್ದರು. ಆ ಕಾಂಕ್ರೀಟನ್ನು ಒಡೆದು, ನದಿಯನ್ನು ಉದ್ಯಾನದೊಳಗೆ 3.2 ಕಿಲೋಮೀಟರು ಬಳುಕಿ ಹರಿಯುವಂತೆ ಬಿಟ್ಟು, ದಡವನ್ನು ಗಿಡಗಳ ಬೇರುಗಳಿಂದಲೂ ಬಿಡಿಗಲ್ಲುಗಳಿಂದಲೂ ಬಿಗಿದು, 2012ರಲ್ಲಿ ಜನರಿಗೆ ಒಪ್ಪಿಸಿದರು. ಒಣದಿನಗಳಲ್ಲಿ ಮಕ್ಕಳು ಆ ತೊರೆಯ ಅಂಚಿನಲ್ಲಿ ಆಡುವರು. ಮಳೆ ಬಿದ್ದಾಗ ಎಚ್ಚರಿಕೆಯ ದೀಪವೂ ಶಂಖನಾದದಂತಹ ಕೂಗೂ ಆಗುವುವು. ಜನರು ಮೇಲೇರುವರು, ಹುಲ್ಲುಹಾಸಿನ ಮೇಲೆ ನದಿಯು ಹರಡಿಕೊಳ್ಳುವುದು. ನೀರುನಾಯಿಗಳು ಅಲ್ಲಿ ಸಂಸಾರ ಹೂಡಿದುವು. ನಮ್ಮ ಕೆರೆಯಂಗಳದ ಸರದಿಯ ಸೂತ್ರವೇ ಅಲ್ಲವೆ ಇದು? ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವೂ 2011ರ ಜುಲೈ 2ರ ಮಹಾವೃಷ್ಟಿಯಿಂದ ಪಾಠ ಕಲಿತು, ಎಂಗ್‌ಹಾವೆಯೆಂಬ ಹಳೆಯ ಉದ್ಯಾನವನ್ನು 22,600 ಘನ ಮೀಟರು ಮಳೆನೀರು ನಿಲ್ಲುವಂತೆ ತಿದ್ದಿ 2019ರಲ್ಲಿ ಮತ್ತೆ ತೆರೆಯಿತು.

ಅಷ್ಟು ದೂರ ಹೋಗುವುದೇಕೆ? ಬೆಂಗಳೂರಿನ ಸರ್ಜಾಪುರದ ರಸ್ತೆಯಲ್ಲಿರುವ ಸುಮಾರು 48 ಎಕರೆಯ ಕೈಕೊಂಡ್ರಹಳ್ಳಿ ಕೆರೆಯನ್ನು 2009ರ ಹಿಂದುಮುಂದಿನಿಂದ ಅಲ್ಲಿನ ನಿವಾಸಿಗಳೂ ಜೀವವಿಜ್ಞಾನಿಗಳೂ ನಗರಪಾಲಿಕೆಯ ಎಂಜಿನಿಯರುಗಳೂ ಒಟ್ಟಿಗೆ ಕುಳಿತು ತಿದ್ದಿದರು. ಮಗ್ಗುಲಲ್ಲಿರುವ ಸರ್ಕಾರಿ ಶಾಲೆಯ ಮಕ್ಕಳಿಗೆ ಅದು ಪಾಠದ ಅಂಗಳವಾಯಿತು. ಗಣಪತಿಯನ್ನು ಬಿಡಲು ಬೇರೆ ಕಲ್ಯಾಣಿಯಾಯಿತು. ಹುಲ್ಲು ಕೊಯ್ಯುವ ಹಳ್ಳಿಗರನ್ನು ಓಡಿಸಲಿಲ್ಲ. ಜಕ್ಕೂರಿನ ಸುಮಾರು 160 ಎಕರೆಯ ಕೆರೆಯಲ್ಲಿ ಶುದ್ಧೀಕರಣಾಗಾರದಿಂದ ಹೊರಬಂದ ನೀರು ಜೊಂಡಿನ ಜೌಗಿನ ಮೂಲಕ ಹಾದು ಇನ್ನೂ ತಿಳಿಯಾಗಿ ಕೆರೆಗಿಳಿಯುವಂತೆ ಏರ್ಪಡಿಸಿದರು. ಮೀನುಗಾರರೂ ಮೇವು ಕೊಯ್ಯುವವರೂ ವಿಹಾರಿಗಳೂ ಅಲ್ಲಿ ಸಹಬಾಳ್ವೆ ನಡೆಸಿದರು. ಕೈಕೊಂಡ್ರಹಳ್ಳಿಗೆ ಮುಂದೆ ಮೇಲಿನಿಂದ ಕೊಳಚೆ ನುಗ್ಗಿ ಮೀನು ಸತ್ತ ಪ್ರಸಂಗವೂ ತಪ್ಪಲಿಲ್ಲವೆಂಬುದನ್ನು ಮರೆಮಾಚಬೇಕಾದುದಿಲ್ಲ. ಅದರಿಂದ ಸಿದ್ಧವಾಗುವುದು ಇಷ್ಟೆ: ಸರಪಳಿಯ ಒಂದು ಕೊಂಡಿಯನ್ನು ಮಾತ್ರ ತಿಕ್ಕಿದರೆ ಸಾಲದು.

ಕೆರೆಯ ಸುತ್ತ ಎಷ್ಟು ಸ್ಥಳ ಬಿಡಬೇಕೆಂಬ ವಿವಾದವೂ ಇದಕ್ಕೆ ಸೇರಿದುದೇ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಮೇ 4ರಂದು ಬೆಂಗಳೂರಿನ ಕೆರೆಗಳ ಅಂಚಿನಿಂದ 75 ಮೀಟರು ಬಿಡಬೇಕೆಂದು ವಿಧಿಸಿತು; ಆ ಭಾಗವನ್ನು ಸರ್ವೋಚ್ಚ ನ್ಯಾಯಾಲಯವು 2019ರ ಮಾರ್ಚಿಯಲ್ಲಿ ರದ್ದುಪಡಿಸಿತು. ಕಾನೂನಿನ ಅಧಿಕಾರದ ಪ್ರಶ್ನೆಯು ನ್ಯಾಯಾಲಯಕ್ಕೆ ಸೇರಿದುದು. ಅದರಲ್ಲಿ ನಾನು ಕೈಹಾಕೆನು. ಆದರೆ ನೀರು ಯಾವ ತೀರ್ಪನ್ನೂ ಓದದು. ಎಷ್ಟು ದೂರ ಹರಡಬೇಕೋ ಅಷ್ಟು ದೂರ ಅದು ಹರಡಿಯೇ ತೀರುವುದು. ಅಲ್ಲಿ ಹುಲ್ಲಿರಬೇಕೋ ಮನೆಯಿರಬೇಕೋ ಎಂಬುದನ್ನು ಮಾತ್ರ ನಾವು ನಿರ್ಣಯಿಸಬಹುದು.

ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರನು 1369ರಲ್ಲಿ ನಿಲ್ಲಿಸಿದ ಸಂಸ್ಕೃತ ಶಾಸನವೊಂದು ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳುವುದು. ನೀರಿಗೂ ನೆಲಕ್ಕೂ ಪ್ರಮಾಣವು ತಪ್ಪುವುದನ್ನು ಅದು ದೋಷಗಳಲ್ಲಿ ಎಣಿಸಿರುವುದು. ಆ ಮಾದರಿಯನ್ನು ಅನುಸರಿಸಿ, ಕೆರೆದಡದ ಉದ್ಯಾನಕ್ಕೆ ನಾನು ಐದು ಅಂಗಗಳನ್ನು ಸೂಚಿಸುವೆನು. ಒಂದನೆಯದು, ಕಲ್ಲುಹಾಸಿಗೆ ಹಣವನ್ನು ತೆಗೆಯುವ ಮುನ್ನ ಕೊಳಚೆಯನ್ನು ತಡೆದು ಶುದ್ಧಿಮಾಡುವ ಏರ್ಪಾಡು. ಎರಡನೆಯದು, ಮಳೆಗೆ ಮುಂಚೆ ನೀರನ್ನು ತಗ್ಗಿಸಲು ಸರಿಯಾದ ತೂಬು, ಅದನ್ನು ನೋಡಿಕೊಳ್ಳಲು ಸಂಬಳದ ನೀರಗಂಟಿ. ಮೂರನೆಯದು, ಏರಿಯನ್ನುಳಿದ ಕಡೆಗಳಲ್ಲೆಲ್ಲ ಮೆಲ್ಲನಿಳಿಯುವ ಮಣ್ಣಿನ ದಡ. ಅದರಲ್ಲಿ ಕ್ರಮವಾಗಿ ಜೊಂಡು, ಹುಲ್ಲು, ಆಮೇಲೆ ಹೊಂಗೆ, ನೇರಳೆ, ಅತ್ತಿ, ಹೊಳೆಮತ್ತಿಗಳ ತೋಪು. ನಾಲ್ಕನೆಯದು, ನೀರು ಇಂಗುವ ಮಣ್ಣಿನ ಹಾದಿ, ಮುದುಕರಿಗೆ ಜಗಲಿ, ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು, ಹಗಲೆಲ್ಲ ತೆರೆದ ಬಾಗಿಲು. ಐದನೆಯದು, ನಕ್ಷೆಯನ್ನು ಬರೆಯುವ ಮುನ್ನ ಬೆಸ್ತನನ್ನೂ, ಅಗಸನನ್ನೂ, ದನಗಾಹಿಯನ್ನೂ, ಶಾಲೆಯ ಉಪಾಧ್ಯಾಯನನ್ನೂ, ತಗ್ಗಿನ ಕೇರಿಯವರನ್ನೂ ಕೂರಿಸಿ ಕೇಳುವ ಒಂದು ಸಭೆ. ಊರಿನ ಬೆಳವಣಿಗೆಯೆಂದರೆ ಮನೆಗಳ ಸಂಖ್ಯೆಯೊಂದೇ ಅಲ್ಲ. ಒಂದೇ ದಡದಲ್ಲಿ ಕುಳಿತು ಒಂದೇ ನೀರಿನ ವಿಚಾರವನ್ನು ಮಾತನಾಡಬಲ್ಲ ಜನರು ಎಷ್ಟು ಮಂದಿ ಎಂಬುದೂ ಅದರಲ್ಲಿ ಸೇರಿರುವುದು.

ನಮ್ಮ ಜಿಲ್ಲೆಯ ಊರುಗಳ ಕೆರೆಗಳಿಗೂ ಇಂಥ ನಕ್ಷೆಗಳು ಇಂದಲ್ಲದಿದ್ದರೆ ನಾಳೆ ಬರುವುವು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ವಕೀಲರೂ, ವೈದ್ಯರೂ, ಉಪಾಧ್ಯಾಯರೂ, ಕಚೇರಿಗಳಲ್ಲಿ ಅಧಿಕಾರವುಳ್ಳವರೂ ಇರುವರು. ನಿಮ್ಮ ಮಾತಿಗೆ ಬೆಲೆಯುಂಟು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಗಬಾರದು. ಗುತ್ತಿಗೆಯ ಕರಾರಿಗೆ ರುಜು ಬೀಳುವುದಕ್ಕೆ ಮೊದಲೇ ಸಭೆಗೆ ಹೋಗಿರಿ. ನಕ್ಷೆಯನ್ನು ತರಿಸಿ ಬಿಡಿಸಿ ನೋಡಿರಿ. ತೂಬು ಎಲ್ಲಿ, ಕೋಡಿ ಎಲ್ಲಿ, ಮೇಲಣ ಕಾಲುವೆಯು ಒಳಕ್ಕೆ ಬರುವುದು ಎಲ್ಲಿ ಎಂದು ಬೆರಳಿಟ್ಟು ಕೇಳಿರಿ. ಈ ಮೂರನ್ನು ತೋರಿಸಲಾರದ ನಕ್ಷೆಯನ್ನು, ಅದರಲ್ಲಿ ಎಷ್ಟು ಬಣ್ಣದ ಹೂಗಳಿದ್ದರೂ, ಮಡಿಸಿ ಹಿಂದಕ್ಕೆ ಕಳುಹಿಸಿರಿ.